ಕೇಳುವ ಅಗತ್ಯವಿಲ್ಲದವರು

ಬುಡ್ಡಿ ಎಂದು ಕೂಗಿದರೆ ಅಳಿಲು ತಿರುಗುತ್ತಿದ್ದ, ಅಳಿಲು ಎಂದು ಕೂಗಿದರೆ ಬುಡ್ಡಿ ಓಗೊಡುತ್ತಿದ್ದ. ಅಂಥ ಕಾಲವೊಂದಿತ್ತು. ಲಿಫ್ಟು ರಿಪೇರಿಯ ತರಬೇತಿ ಕೇಂದ್ರದಲ್ಲಿ ಒಂದೇ ಬೆಂಚಿಗೆ ಬಿದ್ದ ಹುಡುಗರು ಇವರಿಬ್ಬರು. ಒಬ್ಬನ ಕನ್ನಡಕ ಬಾಟಲಿಯ ತಳದಷ್ಟು ದಪ್ಪ. ಮೊದಲ ವಾರವೇ ಅವನು ಸೋಡಾಬುಡ್ಡಿಯಾದ, ಎರಡನೆಯ ವಾರಕ್ಕೆ ಸೋಡಾ ಉದುರಿ ಬರೀ ಬುಡ್ಡಿ ಉಳಿಯಿತು. ಇನ್ನೊಬ್ಬ ಕಡ್ಡಿಯಂಥ ಹುಡುಗ, ಏಣಿ ಕಂಡರೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅವನಿಗೆ ಅಳಿಲು ಎಂಬ ಹೆಸರು ಬಿತ್ತು. ಹೆತ್ತವರಿಟ್ಟ ಹೆಸರುಗಳು ಹಾಜರಿ ಪುಸ್ತಕದಲ್ಲಿ ಬೆಚ್ಚಗೆ ಮಲಗಿದವು.

ಒಂದೇ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಒಂದೇ ಕೋಣೆ ಬಾಡಿಗೆಗೆ ಹಿಡಿದರು. ಎರಡು ಮಂಚ, ಒಂದು ಸ್ಟೌ, ಇಬ್ಬರಿಗೂ ಸೇರಿ ಮರ್ಯಾದೆಯ ಅಂಗಿ ಒಂದು. ಆ ಅಂಗಿ ಬುಡ್ಡಿಗೆ ಭುಜದಲ್ಲಿ ಬಿಗಿ, ಅಳಿಲಿಗೆ ಜೋಲು ಜೋಲು. ಹಾಕಿಕೊಂಡವನು ಚೆನ್ನಾಗಿ ಕಾಣುತ್ತಾನೆಂದು ಇನ್ನೊಬ್ಬ ಮುಖ ನೋಡಿಯೇ ಸುಳ್ಳು ಹೇಳುತ್ತಿದ್ದ. ಬುಡ್ಡಿಯ ತಾಯಿ ಫೋನು ಮಾಡಿದರೆ ಮಗನ ಹತ್ತಿರ ಎರಡು ಮಾತು, ಅಳಿಲಿನ ಹತ್ತಿರ ಇಪ್ಪತ್ತು. ಹಾಗಿದ್ದವರು ಅವರು. ಮುಂದಿನದನ್ನು ಹೇಳುವಾಗ ಇದನ್ನು ಮರೆಯಬಾರದು.

ಲಿಫ್ಟಿನ ಕೆಲಸ ಜೋಡಿಯ ಕೆಲಸ. ಒಬ್ಬ ಕಟ್ಟಡದ ನೆತ್ತಿಯ ಮೇಲಿನ ಮೋಟಾರು ಕೋಣೆಯಲ್ಲಿ, ಮೇನ್ ಸ್ವಿಚ್ಚಿನ ಪಕ್ಕದಲ್ಲಿ. ಇನ್ನೊಬ್ಬ ಕೆಳಗೆ, ಲಿಫ್ಟು ಓಡಾಡುವ ಬಾವಿಯೊಳಗೆ, ಜನ ನಿಲ್ಲುವ ಕ್ಯಾಬಿನ್ನಿನ ತಲೆಯ ಮೇಲೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಕ್ಯಾಬಿನ್ನಿನ ತಲೆಯ ಮೇಲೊಂದು ಕೆಂಪು ಗುಂಡಿಯಿದೆ. ಅದನ್ನು ಒತ್ತಿಟ್ಟರೆ ಮೇಲಿನವನು ಏನೇ ಮಾಡಿದರೂ ಲಿಫ್ಟು ಕದಲದು. ಆದ್ದರಿಂದ ಮೇಲಿನವನು ಸ್ವಿಚ್ಚು ಹಾಕುವ ಮೊದಲು ವಾಕಿಟಾಕಿಯಲ್ಲಿ, ಕೆಂಪು ಒತ್ತಿದೆಯಾ ಎಂದು ಕೇಳಬೇಕು. ಒತ್ತಿದೆ ಎಂಬ ಉತ್ತರವನ್ನು ಕಿವಿಯಾರೆ ಕೇಳಿಸಿಕೊಳ್ಳಬೇಕು. ಆಮೇಲೆ ಸ್ವಿಚ್ಚು. ಕೇಳದೆ ಸ್ವಿಚ್ಚು ಹಾಕಿದವನು ಮೆಕ್ಯಾನಿಕ್ಕಲ್ಲ, ಕಟುಕ ಎಂದು ತರಬೇತಿ ಕೇಂದ್ರದ ಮೇಷ್ಟ್ರು ದಿನಕ್ಕೆರಡು ಸಲ ಮೇಜು ಗುದ್ದುತ್ತಿದ್ದರು.

ಮೊದಲ ವರ್ಷ ಇಬ್ಬರೂ ಶಿಸ್ತಾಗಿ ಕೇಳಿದರು, ಶಿಸ್ತಾಗಿ ಹೇಳಿದರು. ಎರಡನೆಯ ವರ್ಷದ ಹೊತ್ತಿಗೆ ಆ ಮಾತು ತಾನಾಗಿಯೇ ಬಿದ್ದುಹೋಯಿತು. ಅಳಿಲಿನ ಒಂದು ಕಾಲು ಕ್ಯಾಬಿನ್ನಿನ ಮೇಲೆ ಊರುವಷ್ಟರಲ್ಲಿ ಅವನ ಹೆಬ್ಬೆರಳು ಕೆಂಪು ಗುಂಡಿಯ ಮೇಲಿರುತ್ತಿತ್ತು. ಅದು ಬುಡ್ಡಿಗೆ ಗೊತ್ತು, ಬುಡ್ಡಿಗೆ ಗೊತ್ತಿರುವುದು ಅಳಿಲಿಗೆ ಗೊತ್ತು. ಇನ್ನು ಕೇಳುವುದೇನು? ಬೇರೆ ಜೋಡಿಯವರು ಹುಬ್ಬೇರಿಸಿದರೆ ಅಳಿಲು ನಗುತ್ತಿದ್ದ.

"ಗೊತ್ತಿಲ್ದೋರು ಕೇಳ್ತಾರೆ. ನಮಗ್ಯಾಕೆ?"

ಈ ಮಾತನ್ನು ಅವರಿಬ್ಬರೂ ಪದಕದ ಹಾಗೆ ಎದೆಗೆ ಸಿಕ್ಕಿಸಿಕೊಂಡು ತಿರುಗಿದರು. ಇಪ್ಪತ್ತೆರಡು ವರ್ಷದ ಹುಡುಗರಿಗೆ ಬೇರೇನು ಆಸ್ತಿ ಇರುತ್ತದೆ.

ಆಮೇಲೆ ಏನಾಯಿತೆಂದು ಕೇಳಿದರೆ, ಏನೂ ಆಗಲಿಲ್ಲ. ಜಗಳವಾದರೂ ಆಗಿದ್ದರೆ ಹೇಳಿಕೊಳ್ಳಲು ಒಂದು ಕಾರಣ ಸಿಗುತ್ತಿತ್ತು. ಅಳಿಲಿಗೆ ಮದುವೆಯಾಯಿತು, ಅವನು ಕೋಣೆ ಬಿಟ್ಟ. ಬುಡ್ಡಿ ಆರು ತಿಂಗಳು ಖಾಲಿ ಮಂಚದ ಎದುರಿಗೆ ಮಲಗಿ, ಕೊನೆಗೆ ಒಬ್ಬನೇ ಇರುವಂಥ ಸಣ್ಣ ಕೋಣೆ ನೋಡಿಕೊಂಡ. ಭಾನುವಾರ ಮನೆಗೆ ಬಾರೋ ಎಂದು ಅಳಿಲು ಕರೆಯುವುದು, ಬರ್ತೀನಿ ಎಂದು ಬುಡ್ಡಿ ಹೇಳುವುದು, ಇಬ್ಬರೂ ಅದನ್ನು ಮರೆಯುವುದು. ಒಂದೇ ಒಂದು ಸಲ ಹೋದ. ಅಳಿಲಿನ ಹೆಂಡತಿ ಅವನನ್ನು ಬಾಯ್ತುಂಬ ಅಣ್ಣ ಎಂದು ಕರೆದು ಬಡಿಸಿದಳು. ಗೆಳೆಯರಿಬ್ಬರೂ ಹಳೆಯದನ್ನು ನೆನೆದು ಬಿದ್ದು ಬಿದ್ದು ನಗುವಾಗ ಅವಳು ಪಾಪ, ಯಾಕೆ ನಗುತ್ತಿದ್ದಾರೆಂದು ಕೇಳಿದಳು. ಅಳಿಲು ಬಿಡಿಸಿ ಹೇಳಿದ. ಬಿಡಿಸಿ ಹೇಳಿದ ನಗೆಮಾತು ನೀರಿಗಿಂತ ಸಪ್ಪೆ. ಬುಡ್ಡಿ ಬೇಗ ಎದ್ದು ಬಂದ. ಅವರ ಸಂಸಾರ ಅವರಿಗೆ, ನಡುವೆ ನಾನ್ಯಾಕೆ ಎಂದು ದೊಡ್ಡ ಮನುಷ್ಯನ ಹಾಗೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಅದು ದೊಡ್ಡತನವೂ ಅಲ್ಲ, ಮಣ್ಣೂ ಅಲ್ಲ. ಶುದ್ಧ ಹೊಟ್ಟೆಕಿಚ್ಚು.

ಬುಡ್ಡಿಯೂ ಏನು ಕಡಿಮೆಯಲ್ಲ. ಸಂಜೆ ತರಗತಿಗೆ ಸೇರಿ ಮೇಲ್ವಿಚಾರಕರ ಪರೀಕ್ಷೆಗೆ ಓದಿದ, ಅಳಿಲಿಗೆ ಹೇಳಲಿಲ್ಲ. ಫೇಲಾದರೆ ಆಡಿಕೊಳ್ಳುತ್ತಾನೆಂದು ಮೊದಲು ಹೇಳಲಿಲ್ಲ. ಪಾಸಾದ ಮೇಲೆ, ಇಷ್ಟು ದಿನ ಮುಚ್ಚಿಟ್ಟದ್ದನ್ನು ಈಗ ಯಾವ ಮುಖ ಇಟ್ಟುಕೊಂಡು ಹೇಳುವುದೆಂದು ಹೇಳಲಿಲ್ಲ. ಅಳಿಲು ಅದನ್ನು ನೋಟೀಸು ಬೋರ್ಡಿನಲ್ಲಿ ಓದಿದ. ಬಂದು ಕೈ ಕುಲುಕಿ, ಶುಭಾಶಯ ಸಾರ್ ಎಂದ. ಅದು ತಮಾಷೆಗೆ. ಮುಂದಿನ ವಾರ ಇನ್ನೊಮ್ಮೆ ಸಾರ್ ಎಂದ, ಅದರಲ್ಲಿ ತಮಾಷೆ ಇರಲಿಲ್ಲ.

ಅಳಿಲಿಗೆ ಹೊಸ ಜೋಡಿಯಾಗಿ ಬಂದವರು ಐವತ್ತು ದಾಟಿದ ಮೆಕ್ಯಾನಿಕ್ಕು. ಪ್ರತಿಯೊಂದನ್ನೂ ಮೂರು ಸಲ ಕೇಳುವ ಆಸಾಮಿಯಾದ್ದರಿಂದ ಕಂಪನಿಯಲ್ಲಿ ಅವರನ್ನು ಪ್ರಶ್ನೆಪತ್ರಿಕೆ ಎಂದೇ ಕರೆಯುತ್ತಿದ್ದರು. ಅಳಿಲಿಗೆ ತಕ್ಕ ಶಾಸ್ತಿ ಎಂದು ಎಲ್ಲರೂ ನಕ್ಕರು, ಬುಡ್ಡಿಯೂ ನಕ್ಕ.

ಒಂದು ದಿನ ಬುಡ್ಡಿಯ ಮೇಜಿಗೆ ಅಳಿಲಿನ ರಜೆ ಅರ್ಜಿ ಬಂತು. ಹನ್ನೊಂದು ದಿನ. ಕಾರಣದ ಜಾಗದಲ್ಲಿ, ಮಗುವಿನ ಹೃದಯದ ಆಪರೇಷನ್ ಎಂದಿತ್ತು. ಬುಡ್ಡಿ ಆ ಸಾಲನ್ನು ಎರಡು ಸಲ ಓದಿದ. ಸಹಿ ಹಾಕಿ ಅರ್ಜಿಯನ್ನು ಟ್ರೇಗೆ ಹಾಕಿದ. ಸಂಜೆ ಫೋನು ಮಾಡಬೇಕು ಎಂದುಕೊಂಡ. ಸಂಜೆ ಮೀಟಿಂಗು ಎಳೆದುಕೊಂಡು ಹೋಯಿತು. ಮರುದಿನ, ನಿನ್ನೆ ಯಾಕೆ ಮಾಡಲಿಲ್ಲ ಎಂದು ಕೇಳಿದರೆ ಏನು ಹೇಳುವುದು ಎನಿಸಿತು. ನಾಲ್ಕನೆಯ ದಿನದ ಹೊತ್ತಿಗೆ ನಾಚಿಕೆ ಎಷ್ಟು ಬೆಳೆದಿತ್ತೆಂದರೆ ಅದರ ಹಿಂದೆ ಮಗು ಕಾಣದಾಯಿತು. ಅಳಿಲು ಕೆಲಸಕ್ಕೆ ಮರಳಿದ ದಿನ ಇಬ್ಬರೂ ಸ್ಟೋರಿನ ಕಿಟಕಿಯ ಮುಂದೆ ಎದುರಾದರು. ಗ್ರೀಸು ಎಷ್ಟು ಡಬ್ಬಿ ಬೇಕು ಎಂದು ಬುಡ್ಡಿ ಕೇಳಿದ. ಎರಡು ಎಂದು ಅಳಿಲು ಹೇಳಿದ.

ಅಳಿಲು ಹೇಗಿದಾನೋ ಎಂದು ತಾಯಿ ಈಗಲೂ ಫೋನಿನಲ್ಲಿ ಕೇಳುತ್ತಿದ್ದಳು. ಚೆನ್ನಾಗಿದಾನಮ್ಮ ಎಂದು ಮಗ ಅಂದಾಜಿನ ಮೇಲೆ ಹೇಳುತ್ತಿದ್ದ.

ಹೀಗೆ ನಾಲ್ಕು ವರ್ಷ. ಒಂದು ಬುಧವಾರ ಬೆಳಿಗ್ಗೆ ಪ್ರಶ್ನೆಪತ್ರಿಕೆಗೆ ಜ್ವರ ಬಂತು. ಎಂಟು ಮಹಡಿಯ ಹಳೆಯ ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟಿನ ಬ್ರೇಕು ಬದಲಿಸುವ ಕೆಲಸವಿತ್ತು, ಮರುದಿನವೇ ಇನ್ಸ್‌ಪೆಕ್ಟರರ ತಪಾಸಣೆ. ಬಿಡುವಿರುವ ಮೆಕ್ಯಾನಿಕ್ಕು ಒಬ್ಬನೂ ಇರಲಿಲ್ಲ. ನಾನೇ ಹೋಗ್ತೀನಿ ಎಂದ ಬುಡ್ಡಿ. ಮ್ಯಾನೇಜರು ಕಣ್ಣರಳಿಸಿದರು. ಬುಡ್ಡಿಗೂ ತನ್ನ ಬಾಯಿಂದ ಆ ಮಾತು ಹೇಗೆ ಬಂತೆಂದು ತಿಳಿಯಲಿಲ್ಲ. ಒಂದು ದಿನ, ಹಳೆಯ ಹಾಗೆ ಒಂದೇ ಒಂದು ದಿನ ಜೊತೆಗೆ ಕೆಲಸ ಮಾಡಿದರೆ ಎಲ್ಲ ಸರಿಹೋದೀತು ಎಂಬ ಆಸೆ ಅವನ ಹೊಟ್ಟೆಯಲ್ಲೆಲ್ಲೋ ಇತ್ತು. ಬೀರುವಿನ ತಳದಿಂದ ಕೆಲಸದ ಬಟ್ಟೆ ತೆಗೆದು ಹಾಕಿಕೊಂಡ. ಸೊಂಟದ ಗುಂಡಿ ಕೂಡಲಿಲ್ಲ.

ವ್ಯಾನಿನಲ್ಲಿ ಅರ್ಧ ದಾರಿ ಇಬ್ಬರೂ ರಸ್ತೆಯ ಗುಂಡಿಗಳ ಬಗ್ಗೆ ಮಾತಾಡಿದರು. ಸಾರ್, ಕಿಟಕಿ ಮುಚ್ಚಲಾ ಎಂದು ಅಳಿಲು ಕೇಳಿದಾಗ ಬುಡ್ಡಿ ತಡೆಯಲಾರದೆ, ಸಾಕು ಬಿಡೋ ಮಾರಾಯ ಎಂದ. ಅಳಿಲು ಅವನನ್ನು ಒಂದು ಸಲ ತಿರುಗಿ ನೋಡಿದ. ಕಣ್ಣು ಸೊಂಟದ ಗುಂಡಿಗೆ ಇಳಿಯಿತು.

"ಹೊಟ್ಟೆ ಬಂದಿದೆ ಕಣೋ ಬುಡ್ಡಿ."

ನಾಲ್ಕು ವರ್ಷದ ಮೇಲೆ ಆ ಹೆಸರು ಕಿವಿಗೆ ಬಿದ್ದಿತ್ತು. ಬುಡ್ಡಿಗೆ ಅಳುವೇ ಬಂದಂತಾಗಿ ಕನ್ನಡಕ ತೆಗೆದು ಒರೆಸಿದ. ಮಗುವಿನ ವಿಷಯ ಈಗಲೇ ಕೇಳಿಬಿಡಲೇ ಎನಿಸಿತು. ಬೇಡ, ಕೆಲಸ ಮುಗಿಯಲಿ, ಊಟಕ್ಕೆ ಕೂತಾಗ ನಿಧಾನವಾಗಿ ಕೇಳೋಣ ಎಂದುಕೊಂಡ.

ಬುಡ್ಡಿ ಎಂಟು ಮಹಡಿ ಹತ್ತಿ ಮೋಟಾರು ಕೋಣೆಗೆ ಹೋದ, ಮೇನ್ ಸ್ವಿಚ್ಚು ತೆಗೆದು ಕರೆಂಟು ನಿಲ್ಲಿಸಿದ. ಬ್ರೇಕಿನ ಹಳೆಯ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ಹೊಸದನ್ನು ಕೂರಿಸತೊಡಗಿದ. ಅಳಿಲು ಐದನೆಯ ಮಹಡಿಯ ಬಾಗಿಲಿಂದ ಕ್ಯಾಬಿನ್ನಿನ ತಲೆಯ ಮೇಲಿಳಿದು, ಜನ ಓಡಾಡುವ ಜಾಗವೆಂದು ಬಾಗಿಲು ಮುಚ್ಚಿಕೊಂಡ. ಅವನು ಲಿಫ್ಟಿನ ಹಳಿ ಒರೆಸಿ, ಹಳಿಯನ್ನು ಗೋಡೆಗೆ ಹಿಡಿದಿಡುವ ಬೋಲ್ಟುಗಳನ್ನು ಬಿಗಿ ಮಾಡಬೇಕಿತ್ತು. ಸ್ಪ್ಯಾನರಿನ ಸದ್ದು ಕೆಳಗಿನಿಂದ ಬರುತ್ತಿತ್ತು. ನಡುವೆ ಅಳಿಲು ಒಂದು ಹಳೆಯ ಹಾಡನ್ನು ಅದೇ ಹಳೆಯ ಅಪಸ್ವರದಲ್ಲಿ ಹೇಳಿದ. ಬುಡ್ಡಿ ಮೇಲಿಂದಲೇ ಛೀಮಾರಿ ಹಾಕಿದ. ಒಂದೂವರೆ ಗಂಟೆ ಅವನು ನಾಲ್ಕು ವರ್ಷದಲ್ಲಿ ಇಲ್ಲದಷ್ಟು ಸುಖವಾಗಿದ್ದ. ಅದನ್ನೂ ಹೇಳಲೇಬೇಕು.

ಪಟ್ಟಿ ಕೂತಿತು. ಬ್ರೇಕು ಪರೀಕ್ಷಿಸಲು ಕರೆಂಟು ಬೇಕು. ಬುಡ್ಡಿಯ ಕೈ ಸ್ವಿಚ್ಚಿಗೆ ಹೋಯಿತು, ಇನ್ನೊಂದು ಕೈ ಸೊಂಟದ ವಾಕಿಟಾಕಿಗೆ. ಕೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲಿಯೇ ನಿಂತಿತು. ಕೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಕೆಳಗಿನಿಂದ ಬರುವ ಉತ್ತರ, ಒತ್ತಿದೆ ಸಾರ್. ಬೆಳಿಗ್ಗೆಯಿಂದ ಕಷ್ಟಪಟ್ಟು ಕೂಡಿಸಿದ್ದೆಲ್ಲ ಆ ಒಂದು ಪ್ರಶ್ನೆಯಿಂದ ಒಡೆದುಹೋಗುತ್ತದೆ. ಅಳಿಲನ್ನು ಕೇಳುವುದುಂಟೇ? ಅವನು ವಾಕಿಟಾಕಿಯಿಂದ ಕೈ ತೆಗೆದು ಸ್ವಿಚ್ಚು ಹಾಕಿದ.

ಆ ಹಳೆಯ ಲಿಫ್ಟಿಗೆ ಕರೆಂಟು ಮರಳಿದ ಕೂಡಲೇ ತಾನೆಲ್ಲಿದ್ದೇನೆಂದು ತಿಳಿಯದು. ಲೆಕ್ಕ ಹಿಡಿಯಲು ಅದು ತಾನಾಗಿಯೇ ನೆಲಮಹಡಿಗೆ ಇಳಿಯುತ್ತದೆ. ಬುಡ್ಡಿಯ ಕಣ್ಣೆದುರಿಗೇ ರಾಟೆ ತಿರುಗಿತು, ಉಕ್ಕಿನ ಹಗ್ಗ ಓಡಿತು. ಓಡಬಾರದಿತ್ತು. ಕೂಗು ವಾಕಿಟಾಕಿಯಿಂದ ಬರಲಿಲ್ಲ, ನೇರ ಬಾವಿಯಿಂದ ಬಂತು. ಬುಡ್ಡಿ ಸ್ವಿಚ್ಚು ಕಿತ್ತ. ಅಷ್ಟರಲ್ಲಿ ಕ್ಯಾಬಿನ್ನು ಅರ್ಧ ಮಹಡಿ ಇಳಿದಿತ್ತು, ಹಳಿಯ ಬೋಲ್ಟು ಹಿಡಿದಿದ್ದ ಅಳಿಲಿನ ಬಲಗೈ ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಸಿಕ್ಕಿತ್ತು.

ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಉಳಿದೆರಡು ಉಳಿದರೂ ಮಡಚಲಾರವು ಎಂದರು.

ಎರಡು ದಿನ ಬುಡ್ಡಿ ಮನೆ, ಕಚೇರಿ, ಆಸ್ಪತ್ರೆ ಎಂದು ದೆವ್ವ ಹಿಡಿದವನ ಹಾಗೆ ತಿರುಗಿದ. ಅನ್ನ ಗಂಟಲಲ್ಲಿ ಇಳಿಯಲಿಲ್ಲ. ನಿಯಮ ಪಾಲಿಸಿದ್ದೀರಿ ತಾನೇ ಎಂದು ಮ್ಯಾನೇಜರು ಕೇಳಿದರೆ, ವಿಚಾರಣೆಯಲ್ಲಿ ಹೇಳ್ತೀನಿ ಎಂದ. ಹೇಳಲೇಬೇಕೆಂದು ನಿಶ್ಚಯಿಸಿದ್ದ. ಕೇಳಲಿಲ್ಲ, ತಪ್ಪು ನನ್ನದು ಎಂಬ ಎರಡೇ ಮಾತು. ಹೇಳಿದರೆ ಲೈಸೆನ್ಸು ಹೋಗುತ್ತದೆ, ಕೆಲಸ ಹೋಗುತ್ತದೆ, ಹೋಗಲಿ. ಹೇಳದೆ ಹೋದರೆ ಅಳಿಲಿನ ಮುಖ ನೋಡಲಾಗದು. ಅಷ್ಟು ಸ್ಪಷ್ಟವಿತ್ತು ಅವನಿಗೆ. ಆದರೆ ಹೇಳುವ ಹೊತ್ತು ಮಾತ್ರ ಈಗಲ್ಲ, ನಾಳೆ.

ಮೂರನೆಯ ದಿನ ಬೆಳಿಗ್ಗೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಪ್ರಶ್ನೆಪತ್ರಿಕೆ ಕೂತಿದ್ದರು. ಜ್ವರ ಬಿಟ್ಟಿರಲಿಲ್ಲ, ಕುತ್ತಿಗೆಗೆ ಮಫ್ಲರು ಸುತ್ತಿದ್ದರು. ಬುಡ್ಡಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಲೆ ತಗ್ಗಿಸಿ ಹೇಳಿದರು.

"ನನ್ನದೇ ತಪ್ಪು ಅನ್ಸತ್ತೆ. ಮೊದಲ ದಿನ ಅವನು ಹೇಳದೇ ಕೇಳದೇ ಗುಂಡಿ ಒತ್ತಿ ಕೂತಿದ್ದ. ನಾನು ಚೆನ್ನಾಗಿ ಬೈದೆ. ನಾನು ಕೇಳಬೇಕು, ಆಮೇಲೆ ನೀನು ಒತ್ತಬೇಕು, ಒತ್ತಿ ಹೇಳಬೇಕು ಅಂತ ರೂಢಿ ಮಾಡಿಸಿದೆ. ನಾಲ್ಕು ವರ್ಷದಿಂದ ನನ್ನ ದನಿ ಕೇಳದೇ ಅವನ ಕೈ ಗುಂಡಿಗೆ ಹೋಗಲ್ಲ. ಆದ್ರೂ ಯಾರೇ ಹೊಸಬರು ಹೋಗಿದ್ರೂ ಕೇಳೇ ಕೇಳ್ತಾರಲ್ವಾ? ನೀವು ಕೇಳಿದ್ರಿ ತಾನೇ?"

ಬುಡ್ಡಿ ಬಾಯಿ ತೆರೆದ. ಅಷ್ಟರಲ್ಲಿ ಅಳಿಲಿನ ಹೆಂಡತಿ ಬಾಗಿಲಿಗೆ ಬಂದು, ವಿಚಾರಣೆಯವರು ಬಂದಿದಾರೆ, ನಿಮ್ಮನ್ನೂ ಒಳಗೆ ಕರೀತಿದಾರೆ ಸಾರ್ ಎಂದಳು. ಅಣ್ಣ ಎನ್ನಲಿಲ್ಲ. ಅವಳ ಸೊಂಟದ ಮೇಲೆ ಮಗುವಿತ್ತು. ಮಗುವಿನ ಅಂಗಿಯ ಕೊರಳಿನಲ್ಲಿ ಆಪರೇಷನ್ನಿನ ಹೊಲಿಗೆಯ ಗುರುತಿನ ಮೇಲ್ತುದಿ ಕಾಣುತ್ತಿತ್ತು. ಆ ಮಗುವನ್ನು ಬುಡ್ಡಿ ನೋಡಿದ್ದು ಅದೇ ಮೊದಲು.

ಅಳಿಲು ದಿಂಬಿಗೆ ಒರಗಿದ್ದ. ಬಲಗೈ ಬ್ಯಾಂಡೇಜಿನಲ್ಲಿ ದೊಡ್ಡ ಗಂಟಾಗಿತ್ತು. ವಿಚಾರಣಾಧಿಕಾರಿ ಫೈಲು ಬಿಚ್ಚಿ, ಆ ದಿನ ನಡೆದದ್ದನ್ನು ಹೇಳಿ ಎಂದರು. ಬುಡ್ಡಿ ಹೇಳಲು ಗಂಟಲು ಸರಿ ಮಾಡಿಕೊಂಡ. ಅವನಿಗಿಂತ ಮೊದಲು ಅಳಿಲು ಹೇಳಿದ, ಅವನನ್ನು ನೋಡದೆ.

"ಸಾರ್ ಕೇಳಿದ್ರು. ಒತ್ತಿದೆ ಅಂದೆ ನಾನು. ಒತ್ತಿರಲಿಲ್ಲ. ನನ್ನದೇ ತಪ್ಪು."

ಅಧಿಕಾರಿ ಅದನ್ನು ಎರಡು ಸಲ ಓದಿ ಹೇಳಿ, ಹಾಗೆಯೇ ಬರೆದುಕೊಂಡು, ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಹೊರಗೆ ಬೆಂಚಿನ ಮೇಲೆ ಕೂತು ಶುದ್ಧಪ್ರತಿ ಮಾಡುತ್ತೇನೆ, ನಿಮ್ಮ ಸಹಿಯೂ ಬೇಕು ಎಂದು ಬುಡ್ಡಿಗೆ ಹೇಳಿ ಹೋದರು. ಅಳಿಲಿನ ಹೆಂಡತಿಯೂ ಮಗುವನ್ನೆತ್ತಿಕೊಂಡು ಹೊರಗೆ ಹೋದಳು.

ಬುಡ್ಡಿ ಮಂಚದ ಕಬ್ಬಿಣದ ಪಟ್ಟಿ ಹಿಡಿದು ನಿಂತ. ಯಾಕೋ ಹಾಗೆ ಹೇಳಿದೆ ಎಂದು ಕೇಳಿದ.

"ನನ್ನ ಲೈಸೆನ್ಸು ಹೇಗೂ ಹೋಯ್ತು. ಈ ಕೈಯಲ್ಲಿ ಸ್ಪ್ಯಾನರ್ ಹಿಡಿಯೋಕಾಗತ್ತಾ? ಎರಡು ಯಾಕೆ ಹೋಗಬೇಕು."

ನಾನು ಅವರಿಗೆ ನಿಜ ಹೇಳ್ತೀನಿ ಎಂದ ಬುಡ್ಡಿ. ಅಳಿಲು ಬೇಡವೆಂದು ತಲೆಯಾಡಿಸಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಬುಡ್ಡಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅವತ್ತು ನಾನು ಕಾಯ್ತಾ ಇದ್ದೆ, ನೀನು ಕೇಳ್ತೀಯ ಅಂತ. ಕೇಳಿದ ತಕ್ಷಣ ಒತ್ತೋಣ ಅಂತ ಬೋಲ್ಟು ಹಿಡ್ಕೊಂಡೇ ಇದ್ದೆ. ಮಗು ಆಸ್ಪತ್ರೆಲಿದ್ದಾಗ್ಲೂ ಹಾಗೇ ಕಾದೆ, ಹನ್ನೊಂದು ದಿನ. ಅದನ್ನ ಇನ್ನೊಂದು ಸಲ ಮಾಡೋಕೆ ನನ್ನ ಕೈಲಾಗಲ್ಲ. ನೀನು ನಿಜ ಹೇಳಿದ್ರೆ ಏನಾಗತ್ತೆ? ಕೆಲಸ ಹೋಗತ್ತೆ. ದಿನಾ ಬಂದು ಇಲ್ಲಿ ಅಳುಮುಖ ಮಾಡ್ಕೊಂಡು ಕೂರ್ತೀಯ. ನಾನು ನಿನ್ನನ್ನ ಸಮಾಧಾನ ಮಾಡಬೇಕು. ಬೇಡ ಕಣೋ. ಮುಗೀತು ಅಂದ್ಕೋ. ಇನ್ನು ಬರಬೇಡ."

ಹೇಳಿ ಗೋಡೆಯ ಕಡೆ ಹೊರಳಿದ. ಬುಡ್ಡಿ ಪಟ್ಟಿಯ ಮೇಲಿಂದ ಕೈ ತೆಗೆದ. ಏನು ಹೇಳಿದರೂ ಅದು ನಾಲ್ಕು ವರ್ಷ ತಡವಾಗಿತ್ತು.

ಕಾರಿಡಾರಿನಲ್ಲಿ ಅಧಿಕಾರಿ ಶುದ್ಧಪ್ರತಿ ಮುಗಿಸಿ ಪೆನ್ನು ಮುಂದೆ ಹಿಡಿದರು. ಬುಡ್ಡಿ ಕಾಗದ ಓದಿದ. ಮೇಲಿನವರು ನಿಯಮದಂತೆ ಕೇಳಿದರು, ಕೆಳಗಿನವನು ತಪ್ಪು ಉತ್ತರ ಕೊಟ್ಟನು ಎಂದು ದುಂಡಗಿನ ಅಕ್ಷರದಲ್ಲಿತ್ತು. ಇದು ಸರಿಯಿದೆ ತಾನೇ ಎಂದು ಅಧಿಕಾರಿ ಕೇಳಿದರು. ಬೆಂಚಿನ ಆ ತುದಿಯಲ್ಲಿ ಪ್ರಶ್ನೆಪತ್ರಿಕೆ ಮಫ್ಲರಿನೊಳಗಿಂದ ಅವನನ್ನೇ ನೋಡುತ್ತಿದ್ದರು. ಅಳಿಲಿನ ಹೆಂಡತಿ ನಲ್ಲಿಯ ಹತ್ತಿರ ಮಗುವಿನ ಬಾಯಿ ತೊಳೆಯುತ್ತಿದ್ದಳು.

ಹೌದು ಎಂದ ಬುಡ್ಡಿ. ಸಹಿ ಮಾಡಿದ.

ಮೆಟ್ಟಿಲಿಳಿಯುವಾಗ ಅಳು ಬರುತ್ತದೆಂದು ಒಂದೊಂದೇ ಮೆಟ್ಟಿಲಿಗೂ ಕಾದ. ಬರಲಿಲ್ಲ. ಬಂದದ್ದು ನಿರಾಳ. ಲೈಸೆನ್ಸು ಉಳಿಯಿತು, ನಾಳೆ ಬರಬೇಕಿಲ್ಲ, ಆ ಕೈಯನ್ನು ಮತ್ತೆ ನೋಡಬೇಕಿಲ್ಲ. ಇಷ್ಟು ವರ್ಷ ಹೆದರಿಕೊಂಡು ದೂರವಿಟ್ಟ ಭೇಟಿಗಳೆಲ್ಲ ಒಂದೇ ಸಲಕ್ಕೆ ಮಾಫಾಗಿದ್ದವು. ಎಂಥ ಮನುಷ್ಯ ನಾನು ಎಂದು ಅವನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಅಸಹ್ಯದ ಜೊತೆಗೇ ಹೊಟ್ಟೆ ಚುರುಗುಟ್ಟಿತು. ಕೆಳಗೆ ಆಸ್ಪತ್ರೆಯ ಕ್ಯಾಂಟೀನು ತೆರೆದಿತ್ತು. ಅವನು ಕೈ ತೊಳೆದು ಕೂತು, ಎರಡನೆಯ ಸಲವೂ ಬಡಿಸಿಕೊಂಡು, ಹೊಟ್ಟೆ ತುಂಬ ಉಂಡ.